ಮಾವನ ಆಲದ ಮರಕ್ಕೆ ಹೊಸ ಕುಂಡ

ಬೆಳಗಿನ ಕಾಫಿ ಇನ್ನೂ ಲೋಟಕ್ಕೆ ಇಳಿದಿರಲಿಲ್ಲ, ಬಾಲ್ಕನಿಯಿಂದ 'ಟಪ್' ಎಂದು ಒಂದು ಸದ್ದು ಬಂತು. ದೊಡ್ಡ ಸದ್ದೇನಲ್ಲ; ಯಾರೋ ನೆಟಿಕೆ ಮುರಿದಷ್ಟು. ಆದರೆ ಒಳಕೋಣೆಯಲ್ಲಿ ಮಲಗಿದ್ದ ಮಾವನವರು ಎದ್ದು ಕೂತ ರಭಸ ನೋಡಿದರೆ ಮನೆಯ ಸೂರೇ ಕುಸಿದಿರಬೇಕು ಅನ್ನಿಸುತ್ತಿತ್ತು.

"ಕುಂಡ!" ಎಂದು ಕೂಗಿದರು ಮಾವ. "ಅಳಿಯಂದಿರೇ, ಕುಂಡ ಒಡೀತು. ಓಡಿ, ಓಡಿ ನೋಡಿ."

ಮಾವನವರ ಬಲಗಣ್ಣಿಗೆ ಮೊನ್ನೆಯಷ್ಟೇ ಆಪರೇಷನ್ ಆಗಿ ಬಿಳಿ ಪಟ್ಟಿ ಬಿದ್ದಿತ್ತು. ಎಡಗಣ್ಣಿನ ಪೊರೆ ಬಲಿತು ಎಷ್ಟೋ ವರ್ಷವಾಗಿತ್ತು. ಕಾಣುತ್ತಿದ್ದುದು ಅಷ್ಟಕ್ಕಷ್ಟೇ ಆದರೂ ಕಿವಿ ಮಾತ್ರ ಬೆಕ್ಕಿನದು.

ಅಳಿಯ ಓಡಿ ನೋಡಿದ. ಬಾಲ್ಕನಿಯ ನಡುಮಧ್ಯೆ, ಮರದ ಸ್ಟೂಲಿನ ಮೇಲೆ, ಮಾವನವರ ಬೊನ್ಸಾಯ್ ಆಲದ ಮರ ಎಂದಿನಂತೆ ಗಂಭೀರವಾಗಿ ನಿಂತಿತ್ತು. ಅದರ ತಟ್ಟೆಯಂಥ ಕುಂಡ ಮಾತ್ರ ಒಂದು ಬದಿಯಿಂದ ಬಿರುಕು ಬಿಟ್ಟಿತ್ತು. ಬಿರುಕಿನೊಳಗಿಂದ ಬೆರಳುಗಾತ್ರದ ಒಂದು ಬೇರು, ಊಟದ ಹೊತ್ತಿಗೆ ಬಾಗಿಲು ತಳ್ಳಿ ಇಣುಕುವ ನೆಂಟನ ಹಾಗೆ, ಹೊರಗೆ ಮೂತಿ ಹಾಕಿತ್ತು.

ಅಳಿಯನ ಎದೆ ಧಸಕ್ಕೆಂದಿತು. ಏಕೆಂದರೆ ಮಾರನೆಯ ದಿನ ಬೆಳಗಿನ ರೈಲಿಗೆ ಮಾವನವರು ಹೊರಡುವವರಿದ್ದರು.

ಈ ಅಳಿಯ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿಗಳಿಗೆ ಮುದ್ರೆ ಒತ್ತುವುದು ಅವನ ಕೆಲಸ. ಕಟ್ಟಡದ ಜನ ಎದುರಿಗೆ 'ತಕ್ಕಡಿಯವರೇ' ಎನ್ನುತ್ತಿದ್ದರು, ಬೆನ್ನ ಹಿಂದೆ ಬರೀ 'ತಕ್ಕಡಿ'. ಅವನಿಗೆ ಅದರಲ್ಲಿ ಬೇಸರವಿರಲಿಲ್ಲ. ಗೋಡೆಯ ಮೇಲಿನ ಫೋಟೋ ಕೂದಲೆಳೆಯಷ್ಟು ವಾಲಿದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಎರಡು ಲೋಟ ಕಾಫಿಯನ್ನು ಪಕ್ಕಪಕ್ಕ ಇಟ್ಟು, ಬಗ್ಗಿ, ಒಂದು ಕಣ್ಣು ಮುಚ್ಚಿ ಮಟ್ಟ ನೋಡದೆ ಹೆಂಡತಿಗೆ ಒಂದನ್ನು ಕೊಟ್ಟವನಲ್ಲ.

ಮಾವನವರು ಸರ್ವೆ ಇಲಾಖೆಯಲ್ಲಿ ನಕ್ಷೆ ಬರೆಯುತ್ತಿದ್ದವರು. ಬೆಟ್ಟ, ಹೊಳೆ, ಕಾಡುಗಳನ್ನೆಲ್ಲ ಕಾಗದದ ಅಳತೆಗೆ ಇಳಿಸಿ ಇಳಿಸಿ ಕೈ ಪಳಗಿದ್ದರಿಂದ, ನಿವೃತ್ತರಾದ ಮೇಲೆ ಸುಮ್ಮನಿರಲಾಗದೆ ಮರವನ್ನು ತಟ್ಟೆಗೆ ಇಳಿಸಿದ್ದರು. ಮಗನ ಮನೆಯಲ್ಲಿ ಅವರ ವಾಸ. ಕಣ್ಣಿನ ಆಪರೇಷನ್ನಿಗೆಂದು ನಾಲ್ಕು ದಿನದ ಮಟ್ಟಿಗೆ ಮಗಳ ಮನೆಗೆ ಬಂದಿದ್ದರು, ಮರವನ್ನು ಮಡಿಲಲ್ಲಿಟ್ಟುಕೊಂಡು. ಆಸ್ಪತ್ರೆಯವರು ಮೊದಲು ಸಕ್ಕರೆ ಇಳಿಯಲಿ ಅಂದರು, ಸಕ್ಕರೆ ಇಳಿದರೆ ಬಿ.ಪಿ. ಇಳಿಯಲಿ ಅಂದರು. ಹೀಗೆ ಆ ನಾಲ್ಕು ದಿನ, ಲಟ್ಟಣಿಗೆಗೆ ಸಿಕ್ಕ ಹಿಟ್ಟಿನ ಉಂಡೆಯ ಹಾಗೆ, ಅಗಲವಾಗುತ್ತ ಅಗಲವಾಗುತ್ತ ತಿಂಗಳುಗಳ ಅಂಚು ಮುಟ್ಟಿತ್ತು.

ಅಷ್ಟು ಕಾಲವೂ ಆ ಮನೆ ಮರದ ಆಳ್ವಿಕೆಯಲ್ಲಿತ್ತು. ಮರಕ್ಕೆ ಗಾಳಿ ಹೊಡೆಯುತ್ತದೆ ಎಂದು ಹಾಲಿನ ಫ್ಯಾನು ಬಂದ್. ನೆರಳು ಬೀಳುತ್ತದೆ ಎಂದು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವುದು ಬಂದ್. ತಕ್ಕಡಿಯ ಬನಿಯನ್ನುಗಳು ಸ್ನಾನದ ಮನೆಯಲ್ಲೇ ಒಣಗಿ, ಒಣಗದೆ, ಅವನ ಮೈಗೆ ಒಂಥರಾ ಅಣಬೆಯ ವಾಸನೆ ಅಂಟಿಸಿದ್ದವು. ಬೆಳಿಗ್ಗೆ ಮರದ ಸ್ನಾನವಾದ ಮೇಲೆಯೇ ಅವನ ಸ್ನಾನ.

ಇಂದು ಪಟ್ಟಿ ಬಿಚ್ಚುತ್ತಾರೆ, ನಾಳೆ ರೈಲು. ಆ ಖುಷಿಯಲ್ಲಿ ತಕ್ಕಡಿ ಹಿಂದಿನ ಸಂಜೆಯಿಂದಲೇ ಸಣ್ಣಗೆ ಸಿಳ್ಳೆ ಹಾಕುತ್ತಿದ್ದ. ಈಗ ಸಿಳ್ಳೆ ನಿಂತಿತು.

"ಒಡೆದ ಕುಂಡದಲ್ಲಿ ಮರ ಪ್ರಯಾಣ ಮಾಡಲ್ಲ," ಎಂದರು ಮಾವ, ಬೆರಳ ತುದಿಯಿಂದ ಬಿರುಕನ್ನು ಸವರುತ್ತ. "ಮರ ಬರದೆ ನಾನು ಹೋಗಲ್ಲ. ರೈಲಿದ್ದರೆ ಇನ್ನೊಂದು ತಿಂಗಳಿಗೂ ಇರುತ್ತೆ ಬಿಡಿ."

"ಇವತ್ತೇ ಬದಲಾಯಿಸಿಬಿಡೋಣ ಮಾವ!" ತಕ್ಕಡಿಯ ದನಿ ತುಸು ಹೆಚ್ಚೇ ಗಟ್ಟಿಯಾಗಿತ್ತು. "ನೀವು ತರಿಸಿಟ್ಟ ಹೊಸ ಕುಂಡ, ಮಣ್ಣು ಹೇಗೂ ಮಂಚದ ಕೆಳಗಿದೆಯಲ್ಲ."

"ನಾನು ಬಗ್ಗೋ ಹಾಗಿಲ್ಲ, ಮಣ್ಣು ಮುಟ್ಟೋ ಹಾಗಿಲ್ಲ ಅಂತ ಡಾಕ್ಟರ್ ಹೇಳಿದಾರೆ."

"ನಾನಿದೀನಲ್ಲ."

ಮಾವ ಮಗುವನ್ನು ಮೊದಲ ಬಾರಿ ಬೇರೆಯವರ ಕೈಗೆ ಕೊಡುವ ಮುಖ ಮಾಡಿ ಹೇಳಿದರು: "ಹಳೇ ಮಣ್ಣು ಉದುರಿಸಿ. ಬೇರು ಬಾಚಿ, ಮೂರರಲ್ಲಿ ಒಂದು ಪಾಲು ತೆಗೀರಿ. ದಪ್ಪ ಬೇರು ಹೋಗಲಿ, ನೂಲಿನಂಥಾದ್ದು ಉಳೀಲಿ. ಕೆಳಗೆ ಕಡಿಮೆ ಮಾಡಿದ ಮೇಲೆ ಮೇಲೂ ಒಂಚೂರು ಹಗುರ ಮಾಡಿ. ಇಷ್ಟು ನೆನಪಿರಲಿ ಅಳಿಯಂದಿರೇ, ಕೆಳಗೂ ಮೇಲೂ ಸಮ ಇರಬೇಕು."

ಸಮ! ಆ ಮಾತು ಕೇಳಿದ್ದೇ ತಕ್ಕಡಿಯ ಮುಖ ಅರಳಿತು. ಇಷ್ಟು ದಿನ ಈ ಮರಕ್ಕೂ ತನಗೂ ಏನು ಸಂಬಂಧ ಎಂದುಕೊಂಡಿದ್ದ. ಈಗ ನೋಡಿದರೆ ಇದು ತನ್ನ ಇಲಾಖೆಯದೇ ಕೆಲಸ.

ಅಪ್ಪನೊಡನೆ ಆಸ್ಪತ್ರೆಗೆ ಟ್ಯಾಕ್ಸಿ ಹತ್ತುವ ಮುಂಚೆ ಹೆಂಡತಿ ಗಂಡನನ್ನು ಪಕ್ಕಕ್ಕೆ ಕರೆದಳು. "ರೀ, ಸುಮ್ನೆ ಆ ಕುಂಡದಿಂದ ತೆಗೆದು ಈ ಕುಂಡಕ್ಕೆ ಇಡಿ. ಅಷ್ಟೇ ಸಾಕು. ತಲೆ ಉಪಯೋಗಿಸ್ಬೇಡಿ."

"ನನಗೆ ಗೊತ್ತಿಲ್ವೇನೆ?" ಎಂದ ತಕ್ಕಡಿ, ಕಚೇರಿಗೆ ಫೋನ್ ಮಾಡಿ ರಜೆ ಹೇಳುತ್ತ.

ಹಾಲಿನ ನೆಲದ ಮೇಲೆ ಹಳೆ ಪೇಪರು ಹಾಸಿ ಮರವನ್ನು ತಂದಿಟ್ಟ. ಕಾಂಡ ಹಿಡಿದು ಎತ್ತಿದ. ಬರಲಿಲ್ಲ. ಕುಂಡದ ಮೇಲೆ ಎರಡೂ ಪಾದ ಇಟ್ಟು, ಹಲ್ಲು ಕಚ್ಚಿ ಎಳೆದ. ಕುಂಡದ ತಳದ ತೂತಿನಲ್ಲಿ ಮರವನ್ನು ತಂತಿಯಿಂದ ಬಿಗಿದಿರುತ್ತಾರೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ತಂತಿ ಕಿತ್ತು, ಮರ ಅವನ ಎದೆಯ ಮೇಲೆ, ಅವನು ಸೋಫಾದ ಕಾಲ ಬುಡದಲ್ಲಿ. ಎದ್ದು ನೋಡಿದರೆ ಮಣ್ಣೆಂಬುದು ಹೆಸರಿಗಷ್ಟೇ ಇತ್ತು. ಕುಂಡದ ತುಂಬ ಬೇರೇ ಬೇರು, ಬಿಚ್ಚಿದ ಸ್ವೆಟರಿನ ಉಣ್ಣೆಯ ಹಾಗೆ ಸುತ್ತಿ ಸುತ್ತಿ ಕೂತಿತ್ತು.

ಹೊಸ ಮಣ್ಣಿನ ಚೀಲದ ಮೇಲೆ 'ಜರಡಿ ಹಿಡಿದು ಬಳಸಿ' ಎಂದಿತ್ತು. ಮನೆಯಲ್ಲಿ ಜರಡಿ ಸಿಗಲಿಲ್ಲ. ತಕ್ಕಡಿ ಎದುರುಮನೆಯ ಬಾಗಿಲು ತಟ್ಟಿದ. ಅಲ್ಲಿಂದಲೇ ಎಲ್ಲ ಶುರುವಾದದ್ದು. ಜರಡಿ ಒಂದೇ ಬರಲಿಲ್ಲ, ಹಿಂದೆಯೇ ಎದುರುಮನೆಯಾಕೆಯೂ ಬಂದರು.

"ಅಯ್ಯೋ ಪಾಪ, ಇಷ್ಟೊಂದು ಬೇರಾ? ಇದನ್ನ ನೀವೊಬ್ರೇ ಕತ್ತರಿಸ್ತೀರಾ?" ಆಕೆ ಕೆನ್ನೆಯ ಮೇಲೆ ಕೈಯಿಟ್ಟುಕೊಂಡರು. "ಬೇರಿನ ವಿಷಯ ಅಂದ್ರೆ ಮೇಲ್ಮನೆ ಡಾಕ್ಟ್ರನ್ನ ಕೇಳ್ಬೇಕಪ್ಪ. ನನ್ನ ದವಡೆ ಹಲ್ಲಿನ ಬೇರು ಅವರೇ ತೆಗೆದಿದ್ದು, ಗೊತ್ತೇ ಆಗಲಿಲ್ಲ."

"ಬೇಡ ಬಿಡಿ, ಅವರಿಗ್ಯಾಕೆ ತೊಂದ್ರೆ…" ಎನ್ನುವಷ್ಟರಲ್ಲಿ ಆಕೆ ಮೆಟ್ಟಿಲ ಬಳಿ ನಿಂತು ಕೂಗಿಯಾಗಿತ್ತು.

ಮೇಲ್ಮನೆಯವರು ನಿವೃತ್ತ ದಂತವೈದ್ಯರು. ಕ್ಲಿನಿಕ್ಕು ಮುಚ್ಚಿದರೂ ಸಾಮಾನುಗಳನ್ನು ಮಾರಲು ಮನಸ್ಸು ಬಾರದೆ ಮನೆಯಲ್ಲೇ ಜೋಡಿಸಿಟ್ಟುಕೊಂಡು ದಿನಾ ಒರೆಸುತ್ತಿದ್ದರು. ಕಟ್ಟಡದಲ್ಲಿ ಯಾರಾದರೂ ಗಟ್ಟಿಯಾಗಿ ನಕ್ಕರೆ ಅವರ ಕಣ್ಣು ತಾನೇ ತಾನಾಗಿ ಬಾಯೊಳಗೆ ಹೋಗುತ್ತಿತ್ತು. ಕೂಗು ಕೇಳಿದ್ದೇ ಹಣೆಗೆ ದೀಪ ಕಟ್ಟಿಕೊಂಡು, ಕೈಗೆ ಗ್ಲೌಸು ಏರಿಸಿಕೊಂಡು, ಇಕ್ಕಳಗಳ ಪೆಟ್ಟಿಗೆಯೊಡನೆ ಇಳಿದುಬಂದರು.

"ಯಾವತ್ತಿಂದ ತೊಂದರೆ?" ಎಂದು ಕೇಳಿದರು.

"ಬೆಳಿಗ್ಗೆ ಟಪ್ ಅಂತು ಡಾಕ್ಟ್ರೇ."

"ಹ್ಞೂ. ಬಿಗಿಯಾಗಿದೆ. ಒಂದರ ಮೇಲೊಂದು ಹತ್ತಿದೆ." ಒಂದು ಕೊಕ್ಕೆಯಿಂದ ಬೇರುಗಳನ್ನು ನಯವಾಗಿ ಬಿಡಿಸತೊಡಗಿದರು. "ಇದು ನೋಡಿ, ಸತ್ತಿದೆ. ಇದು ಪಕ್ಕದ್ದನ್ನ ಒತ್ತುತ್ತಾ ಇದೆ, ಬುದ್ಧಿಹಲ್ಲಿನ ಥರ. ಇದಂತೂ ಪೂರಾ ಅಡ್ಡ ಬೆಳೆದಿದೆ. ಇವತ್ತು ಬಿಟ್ಟರೆ ನಾಳೆ ಕಾಟ ಕೊಡುತ್ತೆ. ತೆಗೆದುಬಿಡೋಣ್ವಾ?"

"ಮಾವ ಮೂರರಲ್ಲಿ ಒಂದು ಪಾಲು ಅಂದಿದಾರೆ."

"ನಿಮ್ಮ ಮಾವ ಡಾಕ್ಟ್ರಾ?"

ದಂತವೈದ್ಯರ ಕೈಯಲ್ಲಿ ಇಕ್ಕಳ ಕುಣಿಯಿತು. ಎಷ್ಟು ವರ್ಷಗಳ ಹಸಿವೋ. ಕಟಕ್ ಎಂದೊಡನೆ ಒಂದು ಬೇರು, ಕಟಕ್ ಎಂದೊಡನೆ ಇನ್ನೊಂದು. ಪ್ರತಿ ಸಲವೂ ಮರದ ಕಡೆ ಬಗ್ಗಿ "ಆಯ್ತು ಆಯ್ತು, ನೋವಿಲ್ಲ" ಎನ್ನುತ್ತಿದ್ದರು. ಕೊನೆಗೆ ಗ್ಲೌಸು ಕಳಚಿ ಹೇಳಿದರು: "ಕೆಳಗಿನದು ಕ್ಲೀನ್. ಈಗ ಮೇಲೆ ಇಷ್ಟು ಎಲೆ ಇಟ್ಟರೆ ಈ ಬೇರು ನೀರು ಒದಗಿಸಲ್ಲ. ಮೇಲೆ ಕಡಿಮೆ ಮಾಡಬೇಕು. ಅದು ನನ್ನ ಸಬ್ಜೆಕ್ಟ್ ಅಲ್ಲ."

"ಎಷ್ಟು ಕಡಿಮೆ ಮಾಡ್ಬೇಕು?"

"ತೆಗೆದಷ್ಟೇ."

ಇಲ್ಲಿ ತಕ್ಕಡಿ ಮಾಡಬಾರದ್ದನ್ನು ಮಾಡಿದ. ಬೀರುವಿನ ಮೇಲಿಂದ ಇಲಾಖೆಯ ತಕ್ಕಡಿಯನ್ನು ಇಳಿಸಿದ. ಹಿತ್ತಾಳೆಯ ತಟ್ಟೆ, ಕೂದಲು ಬಿದ್ದರೂ ಅಲ್ಲಾಡುವ ಮುಳ್ಳು. ಕಿತ್ತ ಬೇರುಗಳನ್ನೆಲ್ಲ ಒಂದು ತಟ್ಟೆಯಲ್ಲಿ ರಾಶಿ ಹಾಕಿದ. ಆ ತಟ್ಟೆ ಧಡಕ್ಕೆಂದು ಕೆಳಗಿಳಿಯಿತು. ಖಾಲಿ ತಟ್ಟೆ ಮೇಲೆ ತೂಗಾಡುತ್ತ ಎಲೆಗಳಿಗಾಗಿ ಕಾಯತೊಡಗಿತು.

"ಕತ್ತರಿ ಕೆಲಸಕ್ಕೆ ನಮ್ಮ ಸ್ಟೈಲಿಸ್ಟ್ ಇಲ್ವೇ?" ಎಂದರು ಎದುರುಮನೆಯಾಕೆ. ಈ ಬಾರಿ ಯಾರೂ ಬೇಡ ಅನ್ನಲಿಲ್ಲ.

ಸ್ಟೈಲಿಸ್ಟ್ ಎಂದರೆ ಕೆಳಗಿನ ಸಲೂನಿನವನು. ಅವನನ್ನು ಬೇರೆ ಯಾವ ಹೆಸರಿಂದ ಕರೆದರೂ ತಿರುಗುತ್ತಿರಲಿಲ್ಲ. ಗಿರಾಕಿಯಿಲ್ಲದೆ ಕನ್ನಡಿಯಲ್ಲಿ ತನ್ನದೇ ಮೀಸೆ ತೀಡುತ್ತ ಕೂತಿದ್ದವನು ಕರೆ ಬಂದಿದ್ದೇ ಹಾರಿಬಂದ. ಮರದ ಬುಡಕ್ಕೆ ಬಿಳಿ ಬಟ್ಟೆ ಸುತ್ತಿ ಕ್ಲಿಪ್ ಹಾಕಿದ. ಬಾಟಲಿಯಿಂದ ಪುಸ್ ಪುಸ್ ಎಂದು ನೀರು ಸಿಂಪಡಿಸಿದ. ತಲೆ ವಾಲಿಸಿ ನೋಡಿದ.

"ಎಷ್ಟು ಕಾಲ ಆಯ್ತು ಸಾರ್ ಕಟಿಂಗ್ ಮಾಡಿಸಿ? ಹಿಂದುಗಡೆ ಪೂರಾ ಗುಂಗುರು ಎದ್ದಿದೆ. ಶಾರ್ಟ್ ಮಾಡ್ಲಾ, ಮೀಡಿಯಮ್ಮಾ?"

"ಈ ತಟ್ಟೆ ಆ ತಟ್ಟೆಗೆ ಸಮ ಆಗೋವಷ್ಟು," ಎಂದ ತಕ್ಕಡಿ.

ಕತ್ತರಿ ಹಾಡತೊಡಗಿತು. ಸ್ಟೈಲಿಸ್ಟನ ಬಾಯಿಯೂ ಜೊತೆಗೂಡಿತು. ಮಳೆ ಬಾರದ ಬಗ್ಗೆ, ನೀರಿನ ಟ್ಯಾಂಕಿನ ಬಗ್ಗೆ, ಮೂರನೇ ಮಹಡಿಯವರ ವಿಗ್ಗಿನ ಬಗ್ಗೆ. ಎಲೆ ಉದುರಿದಂತೆಲ್ಲ ತಕ್ಕಡಿ ಅವನ್ನು ಆಯ್ದು ತಟ್ಟೆಗೆ ಹಾಕುತ್ತಿದ್ದ. ಆದರೆ ಎಲೆಯ ತೂಕ ಎಲೆಯಷ್ಟೇ ತಾನೇ? ಅರ್ಧ ಮರ ಬೋಳಾದರೂ ಮುಳ್ಳು ಜಗ್ಗಲಿಲ್ಲ.

"ಇನ್ನೂ," ಎಂದ ತಕ್ಕಡಿ.

ಒಂದು ರೆಂಬೆ ಬಿತ್ತು. ಮುಳ್ಳು ಅಲ್ಲಾಡಿತು. ಇನ್ನೊಂದು ರೆಂಬೆ ಬಿದ್ದಿದ್ದೇ ಎಲೆಯ ತಟ್ಟೆ ಸರ್ರನೆ ಕೆಳಗಿಳಿದು ಬೇರಿನ ತಟ್ಟೆಯನ್ನು ಮೇಲಕ್ಕೆತ್ತಿತು.

"ಅಯ್ಯೋ, ಈಗ ಇದು ಜಾಸ್ತಿ ಆಯ್ತು."

"ಹಾಗಾದ್ರೆ ಕೆಳಗೆ ಇನ್ನೆರಡು ತೆಗೀಬಹುದು," ಎಂದು ದಂತವೈದ್ಯರು ಮತ್ತೆ ಗ್ಲೌಸು ಏರಿಸಿದರು. ಅವರಿಗೆ ಮೊದಲಿಂದಲೂ ಒಂದು ಬೇರಿನ ಮೇಲೆ ಕಣ್ಣಿತ್ತು.

ಕಟಕ್. ಈಗ ಬೇರು ಹೆಚ್ಚಾಯಿತು. ಕಚ್ ಕಚ್. ಈಗ ಎಲೆ ಹೆಚ್ಚಾಯಿತು. ನಡುವೆ ತಕ್ಕಡಿ ಮಂಡಿಯೂರಿ ಕೂತು, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, "ಇಲ್ಲ… ಇಲ್ಲ… ಇನ್ನೊಂದು ಚೂರು" ಎನ್ನುತ್ತಿದ್ದ. ಅವನ ಕಣ್ಣಿಗೆ ಮರ ಕಾಣುತ್ತಲೇ ಇರಲಿಲ್ಲ. ಕಾಣುತ್ತಿದ್ದುದು ಮುಳ್ಳು ಮಾತ್ರ.

ಜಗಳ ಹತ್ತಿದ್ದು ಬಿಳಲಿನ ಮೇಲೆ. ರೆಂಬೆಗಳಿಂದ ಕೆಳಗಿಳಿದ ದಾರದಂಥ ಬಿಳಲುಗಳನ್ನು ಸ್ಟೈಲಿಸ್ಟ್ ಬೆರಳಿಂದ ಎತ್ತಿ ಹಿಡಿದು, "ಗಡ್ಡ ತೆಗೆದುಬಿಡ್ತೀನಿ" ಎಂದ.

"ಗಡ್ಡ ಅಲ್ಲ ಅದು, ಬೇರು," ಎಂದರು ದಂತವೈದ್ಯರು. "ನನಗೆ ಸೇರಿದ್ದು."

"ಮುಖದಿಂದ ಇಳಿಬಿದ್ದಿದ್ದು ಗಡ್ಡ ಅಲ್ದೆ ಇನ್ನೇನು ಸಾರ್? ಬೇರು ಮಣ್ಣೊಳಗಿರುತ್ತೆ."

"ಹಲ್ಲು ಹೊರಗೆ ಬಂದರೆ ಅದನ್ನ ಮೀಸೆ ಅಂತೀಯೇನಯ್ಯಾ?"

ಇಬ್ಬರೂ ತಕ್ಕಡಿಯ ಕಡೆ ತಿರುಗಿದರು. ಇಂಥ ತಕರಾರು ತೀರ್ಮಾನಿಸಿ ಅಭ್ಯಾಸವಿದ್ದ ಇನ್ಸ್‌ಪೆಕ್ಟರು ತುಸು ಯೋಚಿಸಿ, ಅರ್ಧ ಬಿಳಲು ಬೇರಿನ ಲೆಕ್ಕಕ್ಕೆ, ಅರ್ಧ ಗಡ್ಡದ ಲೆಕ್ಕಕ್ಕೆ ಎಂದು ತೀರ್ಪು ಕೊಟ್ಟ. ಇಬ್ಬರಿಗೂ ಒಪ್ಪಿಗೆಯಾಯಿತು. ಬಿಳಲು ಪೂರ್ತಿ ಹೋಯಿತು.

ಕಟ್ಟಕಡೆಗೆ ಒಂದೇ ಒಂದು ಎಲೆಯನ್ನು ತಟ್ಟೆಗೆ ಇಳಿಸಿದಾಗ ಮುಳ್ಳು ಎಡಕ್ಕೂ ಬಲಕ್ಕೂ ತೂಗಿ, ನಟ್ಟನಡುವೆ ನಿಂತಿತು. ಅವನ ನೌಕರಿಯಲ್ಲೇ ಅಷ್ಟು ನಿಖರವಾದ ತೂಕ ಸಿಕ್ಕಿರಲಿಲ್ಲ. ತಕ್ಕಡಿಗೆ ಕಣ್ಣು ತುಂಬಿಬಂತು. "ಸಮ!" ಎಂದು ಕೂಗಿದ. ಮೂವರೂ ಕೈಕುಲುಕಿದರು.

ಅಷ್ಟರಲ್ಲಿ, ನಡುವೆ ಮನೆಗೆ ಹೋಗಿ ಈಗ ಜರಡಿ ವಾಪಸು ಕೇಳಲು ಬಂದ ಎದುರುಮನೆಯಾಕೆ ಬಾಗಿಲಲ್ಲೇ ನಿಂತು, "ಅದ್ಸರಿ, ಮರ ಎಲ್ಲಿ?" ಎಂದರು.

ಮೂವರೂ ತಿರುಗಿ ನೋಡಿದರು. ಬಿಳಿ ಬಟ್ಟೆಯ ನಡುವೆ ಒಂದು ಸೊಟ್ಟ ಕೊರಡು ನಿಂತಿತ್ತು. ಮೇಲೆ ಮುರಿದ ಛತ್ರಿಯ ಕಡ್ಡಿಯಂಥ ಒಂದು ರೆಂಬೆ. ಕೆಳಗೆ ಹಲ್ಲುಜ್ಜುವ ಬ್ರಷ್ಷಿನಷ್ಟು ಬೇರು. ಮರವೆಲ್ಲ ತಕ್ಕಡಿಯ ಎರಡು ತಟ್ಟೆಗಳಲ್ಲಿ ಸಮನಾಗಿ ಹಂಚಿಹೋಗಿತ್ತು.

ದಂತವೈದ್ಯರಿಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಯಿತು. ಸ್ಟೈಲಿಸ್ಟನಿಗೆ ಗಿರಾಕಿ ಬಂದ ಹಾಗೆ ಕೇಳಿಸಿತು. ಇಬ್ಬರೂ ಮಾಯ.

ಆ ಹೊತ್ತಿಗೇ ಫೋನು. ಹೆಂಡತಿಯ ದನಿಯಲ್ಲಿ ಸಂಭ್ರಮ ಉಕ್ಕುತ್ತಿತ್ತು. "ರೀ, ಪಟ್ಟಿ ಬಿಚ್ಚಿದ್ರು! ಅಪ್ಪಂಗೆ ಎಷ್ಟು ಚೆನ್ನಾಗಿ ಕಾಣ್ತಿದೆ ಗೊತ್ತಾ? ಆಚೆ ನಿಂತಿರೋ ಕಾರುಗಳ ನಂಬರ್ ಎಲ್ಲ ಓದ್ತಾ ಇದಾರೆ. ಡಾಕ್ಟರ್ ಕೋಟಿನ ಗುಂಡಿ ಬಿಟ್ಟುಹೋಗಿದೆ ಅಂತ ಅವರಿಗೇ ಹೇಳಿಬಿಟ್ರು. ಮನೆಗೆ ಬಂದು ಮೊದಲು ಮರ ನೋಡ್ಬೇಕಂತೆ. ಆಯ್ತಾ ಕೆಲ್ಸ?"

"ಆಯ್ತು," ಎಂದ ತಕ್ಕಡಿ. "ಪೂರ್ತಿ ಆಯ್ತು."

ಕೊರಡನ್ನು ಹಳೆ ಪೇಪರಿನಲ್ಲಿ ಸುತ್ತಿ, ಒಡೆದ ಕುಂಡದ ಸಮೇತ ಬಾಗಿಲಾಚೆಯ ಕಸದ ಬುಟ್ಟಿಗೆ ತುರುಕಿ, ನರ್ಸರಿಗೆ ಓಡಿದ. ಸಾಲುಸಾಲಾಗಿ ಕುಳ್ಳ ಮರಗಳು ನಿಂತಿದ್ದವು. ನರ್ಸರಿಯಾಕೆ ಪೈಪು ಹಿಡಿದು ನೀರು ಬಿಡುತ್ತಿದ್ದಳು.

"ಆಲದ ಮರ ಬೇಕು. ನಮ್ಮ ಮನೇಲಿರೋ ಥರದ್ದೇ."

"ನಿಮ್ಮ ಮನೇದು ಹೇಗಿದೆ?"

ತಕ್ಕಡಿ ಕೈಯಲ್ಲಿ ಎತ್ತರ ತೋರಿಸಲು ಹೋದ. ತಿಂಗಳುಗಟ್ಟಲೆ ಬೆಳಗಾಗೆದ್ದು ಕಂಡ ಮರ. ಅದರ ಎತ್ತರ ಗೊತ್ತು, ಅಗಲ ಗೊತ್ತು, ಕುಂಡದ ಸಮೇತ ತೂಕ ಗೊತ್ತು. ಆದರೆ ಕಾಂಡ ಯಾವ ಕಡೆಗೆ ಬಾಗಿತ್ತು, ರೆಂಬೆ ಎಲ್ಲಿಂದ ಕವಲೊಡೆದಿತ್ತು ಎಂದು ಕೇಳಿದರೆ ಏನೇನೂ ನೆನಪಿಲ್ಲ.

"ಹಸಿರಾಗಿತ್ತು," ಎಂದ.

ಆಕೆ ಪೈಪನ್ನು ಕೆಳಗಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಕೊನೆಗೆ ಎಲ್ಲಕ್ಕಿಂತ ಹೆಚ್ಚು ಹಸಿರಾಗಿದ್ದ, ಕೋಸಿನಂತೆ ದುಂಡಗಿದ್ದ ಒಂದು ಮರವನ್ನು ಕೊಟ್ಟಳು. ಬೆಲೆ ಕೇಳಿ ತಕ್ಕಡಿಯ ಕಿವಿ ಬಿಸಿಯಾಯಿತು, ಆದರೆ ರೈಲನ್ನು ನೆನೆದುಕೊಂಡು ಕೊಟ್ಟ. ಬಸ್ಸಿನಲ್ಲಿ ಮರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಎಲೆಯ ಮರೆಯಲ್ಲಿ ಮುಖ ಕಾಣದೆ, ಕಂಡಕ್ಟರ್ ಎಂದುಕೊಂಡು ಪಕ್ಕದವರು ಎರಡು ಸಲ ದಾರಿ ಕೇಳಿದರು, ಒಬ್ಬರು ಚಿಲ್ಲರೆ ಕೇಳಿದರು.

ಮನೆಗೆ ಬಂದು ಹೊಸ ಕುಂಡಕ್ಕೆ ಇಳಿಸಲು ನೋಡಿದರೆ ಹಿಡಿಸಲಿಲ್ಲ. ಮತ್ತೆ ಬೇರು ಕತ್ತರಿಸುವ ಧೈರ್ಯ ಅವನಿಗಿರಲಿಲ್ಲ. ತುಂಬಿದ ಸೂಟ್‌ಕೇಸನ್ನು ಮುಚ್ಚುವ ಹಾಗೆ ಮಂಡಿಯಿಂದ ಒತ್ತಿ, ಉಳಿದ ಮಣ್ಣನ್ನು ಅಂಗೈಯಿಂದ ತಟ್ಟಿ, ನೆಲ ಒರೆಸಿ, ಇಲಾಖೆಯ ತಕ್ಕಡಿಯನ್ನು ಮೇಲಕ್ಕೆತ್ತಿಟ್ಟು, ಬೆವರು ಒರೆಸಿಕೊಂಡು ಕೂತ. ಕರೆಗಂಟೆ ಹೊಡೆಯಿತು.

ಮಾವನವರು ಕಪ್ಪು ಕನ್ನಡಕ ಹಾಕಿಕೊಂಡು ಒಳಬಂದರು. ಗೋಡೆ ನೋಡಿದರು, ಸೀಲಿಂಗು ನೋಡಿದರು. "ಅಳಿಯಂದಿರೇ, ನಿಮ್ಮ ತಲೆ ಇಷ್ಟು ಬೋಳಾಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ," ಎಂದು ಪ್ರೀತಿಯಿಂದ ಹೇಳಿ ಬಾಲ್ಕನಿಗೆ ನಡೆದರು. ತಕ್ಕಡಿ ಹಿಂಬಾಲಿಸಿದ.

ಮಾವ ಕನ್ನಡಕ ತೆಗೆದು ಮರವನ್ನು ನೋಡಿದರು. ಬಹಳ ಹೊತ್ತು ನೋಡಿದರು. ಅವರ ಭುಜಗಳು ಕೆಳಗಿಳಿದವು.

"ಇದೇನಾ?" ಎಂದರು ಸಣ್ಣ ದನಿಯಲ್ಲಿ.

"ಇದೇ ಮಾವ."

"ಇಷ್ಟು ವರ್ಷ ಬರೀ ಹಸಿರು ಮಬ್ಬು ಕಾಣ್ತಿತ್ತು. ಒಳಗೆ ಎಂಥಾ ಮರ ಇದೆಯೋ ಅಂತ ಮನಸಲ್ಲೇ ಕಟ್ಕೊಂಡಿದ್ದೆ." ಮಾವ ಸ್ಟೂಲಿನ ಸುತ್ತ ಒಂದು ಸುತ್ತು ಬಂದರು. "ನೋಡಿದ್ರೆ ಕೋಸುಗೆಡ್ಡೆ ಥರ ಇದೆ."

ತಕ್ಕಡಿಗೆ ಒಂದು ಕಡೆ ಜೀವ ಬಂತು, ಗುರುತು ಹತ್ತಲಿಲ್ಲ! ಇನ್ನೊಂದು ಕಡೆ, ತಾನು ದುಡ್ಡು ಕೊಟ್ಟು ತಂದದ್ದನ್ನು ಕೋಸುಗೆಡ್ಡೆ ಅಂದದ್ದು ಚುಚ್ಚಿತು. "ಹಾಗೇನಿಲ್ಲ ಮಾವ, ಚೆನ್ನಾಗೇ ಇದೆ. ಎಷ್ಟು ದುಂಡಗಿದೆ ನೋಡಿ," ಎಂದ.

"ಅಪ್ಪ, ಬೇಜಾರು ಮಾಡ್ಕೋಬೇಡಿ," ಎಂದಳು ಮಗಳು. "ನಾಳೆ ಹೇಗೂ ಅಣ್ಣನ ಮನೆಗೆ ಹೋಗ್ತೀರಲ್ಲ."

"ಹೌದು. ಹೊರಡೋದು. ಇನ್ನೇನಿದೆ ಇಲ್ಲಿ," ಎಂದರು ಮಾವ. ತಕ್ಕಡಿಗೆ ರೈಲಿನ ಸಿಳ್ಳೆ ಕೇಳಿಸಿದ ಹಾಗಾಯಿತು. ಅವನ ತುಟಿಯೂ ತಾನಾಗಿ ಸಿಳ್ಳೆಯ ಆಕಾರಕ್ಕೆ ಬರತೊಡಗಿತು.

ಆಗಲೇ ಬಾಗಿಲು ತೆರೆದುಕೊಂಡಿತು. ಮುಂದೆ ದಂತವೈದ್ಯರು, ಹಿಂದೆ ಸ್ಟೈಲಿಸ್ಟ್. ನಡುವೆ ಇಬ್ಬರೂ ಒಂದೊಂದು ಕೈ ಕೊಟ್ಟು ಏನನ್ನೋ ಜೋಪಾನವಾಗಿ ಹಿಡಿದಿದ್ದರು; ದಂತವೈದ್ಯರ ಇನ್ನೊಂದು ಕೈಯಲ್ಲಿ ಇಕ್ಕಳಗಳ ಪೆಟ್ಟಿಗೆ.

"ತಕ್ಕಡಿಯವ್ರೇ, ಪೇಷಂಟನ್ನ ಕಸದ ಬುಟ್ಟಿಗೆ ಹಾಕೋದಾ? ನನ್ನ ಸರ್ವಿಸಿನಲ್ಲೇ ಇಂಥಾದ್ದು ನೋಡಿಲ್ಲ," ಎಂದು ದಂತವೈದ್ಯರು ಗದರಿದರು. "ಒಡೆದ ಕುಂಡಕ್ಕೆ ನಾನೇ ಸಿಮೆಂಟ್ ತುಂಬಿದೀನಿ, ಹುಳುಕು ಹಲ್ಲಿಗೆ ತುಂಬೋದೇ. ಇನ್ನು ಆಯುಷ್ಯಪೂರ್ತಿ ಬಿಡಲ್ಲ."

"ಲಾಸ್ಟ್ ಟಚಪ್ ನಂದು ಸಾರ್," ಎಂದ ಸ್ಟೈಲಿಸ್ಟ್, ಕುಂಡವನ್ನು ನೆಲಕ್ಕಿಳಿಸುತ್ತ.

ಕುಂಡದ ಬಿರುಕಿನುದ್ದಕ್ಕೂ ಬೆಳ್ಳಿಯಂಥ ಒಂದು ಗೆರೆ ಹೊಳೆಯುತ್ತಿತ್ತು. ಅದರೊಳಗೆ ಆ ಕೊರಡು, ಒಂಟಿ ರೆಂಬೆಯನ್ನು ಗಾಳಿಗೆ ಚಾಚಿ, ಬಿರುಗಾಳಿಗೆ ಬೆನ್ನು ಕೊಟ್ಟು ನಿಂತ ಮುದುಕನ ಹಾಗೆ ನಿಂತಿತ್ತು.

ತಕ್ಕಡಿ ಕುಂಡಕ್ಕೂ ಮಾವನಿಗೂ ಅಡ್ಡ ನಿಂತ. "ಅದು… ಯಾರದೋ… ಪಕ್ಕದ ಕಟ್ಟಡದ್ದು ಮಾವ…"

ಮಾವನವರು ಕೇಳಿಸಿಕೊಳ್ಳಲಿಲ್ಲ. ಹತ್ತಿರ ಹೋದರು. ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದನ್ನು ಮರೆತು ಬಗ್ಗಿದರು. ಕಾಂಡದ ನಡುವಿನ ಹಳೆಯ ಗಾಯದ ಗುರುತನ್ನು ಬೆರಳಿಂದ ಮುಟ್ಟಿದರು.

"ಇದು ನಾನು ತಂತಿ ಸುತ್ತಿದ್ದು. ಬಿಗಿ ಜಾಸ್ತಿಯಾಗಿ ಕಚ್ಚಿಹೋಗಿತ್ತು." ಅವರು ನಿಧಾನವಾಗಿ ನೆಟ್ಟಗೆ ನಿಂತು ಅಳಿಯನ ಕಡೆ ತಿರುಗಿದರು. ಹೊಸ ಕಣ್ಣು ನೀರಿನಿಂದ ತುಂಬಿತ್ತು. "ಇದು ನನ್ನ ಮರ. ಯಾರು ಮಾಡಿದ್ದು ಈ ಕೆಲಸ?"

ತಕ್ಕಡಿ ಹೆಂಡತಿಯ ಮುಖ ನೋಡಿದ. ಅಲ್ಲಿ ಯಾವ ದಯೆಯೂ ಕಾಣಲಿಲ್ಲ.

"ನಾನಲ್ಲ ಮಾವ!" ಎಂದು ಕೈಮುಗಿದ. "ನಾನೊಂದು ಎಲೆ ಮುಟ್ಟಿಲ್ಲ. ಬೇರು ಕಿತ್ತಿದ್ದೆಲ್ಲ ಈ ಡಾಕ್ಟ್ರು. ಮೇಲೆ ಕತ್ತರಿಸಿದ್ದೆಲ್ಲ ಈ ಸ್ಟೈಲಿಸ್ಟು. ಬೇಡ ಬೇಡ ಅಂದ್ರೂ ಕೇಳಲಿಲ್ಲ. ನಾನು ಬರೀ ತೂಕ ನೋಡ್ತಾ ಕೂತಿದ್ದೆ, ನಿಮ್ಮಾಣೆ!"

ದಂತವೈದ್ಯರು ಇಕ್ಕಳದ ಪೆಟ್ಟಿಗೆಯನ್ನು ಬೆನ್ನ ಹಿಂದೆ ಸರಿಸಿದರು. ಸ್ಟೈಲಿಸ್ಟ್ ಬಾಗಿಲಿನ ದೂರ ಲೆಕ್ಕ ಹಾಕಿದ.

ಮಾವನವರು ಎರಡು ಹೆಜ್ಜೆ ಮುಂದೆ ಬಂದು, ದಂತವೈದ್ಯರ ಕೈಯನ್ನು ಒಂದು ಕೈಲಿ, ಸ್ಟೈಲಿಸ್ಟನ ಕೈಯನ್ನು ಇನ್ನೊಂದು ಕೈಲಿ ಹಿಡಿದು ಕಣ್ಣಿಗೊತ್ತಿಕೊಂಡರು.

"ಇಷ್ಟು ವರ್ಷ ನನಗೆ ಧೈರ್ಯವೇ ಬರಲಿಲ್ಲ," ಎಂದರು ನಡುಗುವ ದನಿಯಲ್ಲಿ. "ಒಂದು ರೆಂಬೆ ತೆಗೆಯೋಕೆ ತಿಂಗಳುಗಟ್ಟಲೆ ಯೋಚಿಸ್ತಿದ್ದೆ. ಈ ಕಾಂಡ ಒಳಗಿದೆ ಅಂತ ನನಗೇ ಗೊತ್ತಿರಲಿಲ್ಲ ಮಹಾರಾಯರೇ! ಎಲ್ಲಿ ಕಲಿತಿರಿ ಈ ವಿದ್ಯೆ?"

ದಂತವೈದ್ಯರು ಒಮ್ಮೆ ಕೆಮ್ಮಿದರು. ಬೆನ್ನ ಹಿಂದಿನಿಂದ ಪೆಟ್ಟಿಗೆಯನ್ನು ಮುಂದಕ್ಕೆ ತಂದರು. "ಅನುಭವ," ಎಂದರು.

"ಕೈಗುಣ ಸಾರ್," ಎಂದ ಸ್ಟೈಲಿಸ್ಟ್.

"ಮಾವ," ತಕ್ಕಡಿ ಮುಂದೆ ನುಗ್ಗಿದ. "ನಾನೂ ಇದ್ದೆ. ನಿಜ ಹೇಳ್ಬೇಕಂದ್ರೆ ಎಷ್ಟು ಕತ್ತರಿಸ್ಬೇಕು ಅಂತ ಹೇಳಿದ್ದೇ ನಾನು. ಇನ್ನೂ, ಇನ್ನೂ ಅಂದಿದ್ದು ನಾನೇ, ಕೇಳಿ ಬೇಕಾದ್ರೆ…"

"ಒಂದು ಎಲೆ ಮುಟ್ಟಿಲ್ಲ ಅಂದ್ರಲ್ಲ ಅಳಿಯಂದಿರೇ, ಈಗಷ್ಟೇ." ಮಾವನವರ ದನಿಯಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು. "ಬೇಡ ಬೇಡ ಅಂದ್ರಂತೆ. ಆಮೇಲೆ ಇಂಥಾ ಮರವನ್ನ ಕಸಕ್ಕೆ ಹಾಕಿ ಆ ಕೋಸುಗೆಡ್ಡೆ ತಂದಿಟ್ರಿ. ಇರಲಿ, ನಿಮ್ಮ ತಪ್ಪಲ್ಲ. ನೋಡೋ ಕಣ್ಣು ಬೇಕು. ಕಲಿಸೋಣ."

"ಕಲಿಸೋದಾ? ಯಾವಾಗ? ನಾಳೆ ರೈಲು…"

"ಎಂಥಾ ರೈಲು? ಇಂಥಾ ಇಬ್ಬರು ಒಂದೇ ಕಟ್ಟಡದಲ್ಲಿ ಇರುವಾಗ ನಾನು ಎಲ್ಲಿಗೆ ಹೋಗಲಿ?" ಎಂದು ಮಾವ ಮಗಳ ಕೈಯಿಂದ ಫೋನು ತೆಗೆದುಕೊಂಡರು. ಕನ್ನಡಕವಿಲ್ಲದೆ ತಾವೇ ನಂಬರು ಒತ್ತಿದರು.

"ಹಲೋ, ನಾನಪ್ಪ. ನಾಳೆ ಬರಲ್ಲ. ಇಲ್ಲ, ಮುಂದಿನ ವಾರಾನೂ ಇಲ್ಲ, ಇನ್ನು ಇಲ್ಲೇ ಇರ್ತೀನಿ."

ಆ ಕಡೆಯಿಂದ ಹೆಂಡತಿಯ ಅಣ್ಣನ ದನಿ ಇಡೀ ಹಾಲಿಗೆ ಕೇಳಿಸಿತು. ಬೇಸರದ ದನಿಯಾಗಿರಲಿಲ್ಲ. "ಲಾರಿ ನಾನೇ ಮಾಡ್ಕೊಂಡು ಬರ್ತೀನಿ ಅಪ್ಪ! ನಾಳೇನೇ ಎಲ್ಲಾನೂ ತಂದುಬಿಡ್ತೀನಿ!"

"ಲಾರಿ ಯಾಕೆ?" ಎಂದು ತಕ್ಕಡಿ ಹೆಂಡತಿಯನ್ನು ಮೆಲ್ಲಗೆ ಕೇಳಿದ.

"ಮರಗಳು ಬರ್ಬೇಕಲ್ರೀ. ಅಣ್ಣನ ಮನೆ ತಾರಸಿ ಮೇಲೆ ಕಾಲಿಡೋಕೆ ಜಾಗ ಇಲ್ಲ ಅಂತ ಅತ್ತಿಗೆ ಯಾವಾಗ್ಲೂ ಹೇಳ್ತಾರೆ. ನೀವು ಅಲ್ಲಿಗೆ ಬಂದ್ರೆ ತಾನೇ ಗೊತ್ತಾಗೋದು?"

ತಕ್ಕಡಿ ಬಾಲ್ಕನಿಯ ಅಗಲವನ್ನು ಒಮ್ಮೆ, ಹಾಲಿನ ಉದ್ದವನ್ನು ಒಮ್ಮೆ ಕಣ್ಣಲ್ಲೇ ಅಳೆದ. "ಇನ್ನೂ… ಎಷ್ಟಿವೆ ಮಾವ?" ಎಂದ.

ಮಾವನವರು ಫೋನು ಇಟ್ಟು, ದಂತವೈದ್ಯರಿಗೂ ಸ್ಟೈಲಿಸ್ಟನಿಗೂ ಸೋಫಾ ತೋರಿಸಿ ಕೂರಲು ಹೇಳಿ, ತಿರುಗಿದರು.

"ಲೆಕ್ಕ ಇಟ್ಟಿಲ್ಲ ಅಳಿಯಂದಿರೇ. ಕೈಯಲ್ಲಿ ಹಿಡ್ಕೊಂಡು ಬರೋವಷ್ಟು ಚಿಕ್ಕದು ಇದೊಂದೇ ಇತ್ತು."